ಎಫ್‌ಐಆರ್‌ನಲ್ಲಿ ಬಿಟ್ಟುಹೋದ ಮಾತು

ಕಳೆದ ತಿಂಗಳ ಒಂದು ಸಂಜೆ ಮಗ್ರಿಬ್ ನಂತರದ ತರಗತಿ ಬಿಟ್ಟು ಮಕ್ಕಳು ಚಪ್ಪಲಿ ಹುಡುಕುತ್ತಿದ್ದಾಗ, ಒಬ್ಬ ತಾಯಿ ಮದರಸದ ಮೆಟ್ಟಿಲ ಬಳಿ ನಿಂತಿದ್ದರು. ಕೈಯಲ್ಲಿ ಮಡಚಿದ ಕಾಗದ. "ಉಸ್ತಾದರೇ, ಇದರಲ್ಲಿ ಎಂತ ಬರೆದಿದ್ದಾರೆ ಅಂತ ಒಮ್ಮೆ ಓದಿ ಹೇಳಿ" ಅಂದರು. ಅದು ಎಫ್‌ಐಆರ್ ಪ್ರತಿ. ಅವರ ದೊಡ್ಡ ಮಗ ಅಂಗಡಿ ಕೆಲಸ ಮುಗಿಸಿ ರಾತ್ರಿ ಬೈಕಿನಲ್ಲಿ ಬರುವಾಗ ದಾರಿಯಲ್ಲಿ ಅಡ್ಡಗಟ್ಟಿ ಹೊಡೆದಿದ್ದರು. ಎದುರಿನ ಒಂದು ಹಲ್ಲು ಮುರಿದಿತ್ತು.

ನಾವು ವಕೀಲರಲ್ಲ. ಪಿಯುಸಿ ತನಕ ಶಾಲೆ ಕಾಲೇಜು, ಆಮೇಲೆ ದೀನಿ ವಿದ್ಯೆ, ಅಷ್ಟೇ. ಆದರೆ ಊರಿನಲ್ಲಿ ಸರ್ಕಾರಿ ಕಾಗದ ಬಂದರೆ ಮೊದಲು ಉಸ್ತಾದರ ಹತ್ತಿರ ತರುವ ರೂಢಿ ಇನ್ನೂ ಹೋಗಿಲ್ಲ. ಓದಿದೆವು. "ಕ್ಷುಲ್ಲಕ ಕಾರಣಕ್ಕೆ ಮಾತಿಗೆ ಮಾತು ಬೆಳೆದು ಮೂರ್ನಾಲ್ಕು ಮಂದಿ ಕೈಯಿಂದ ಹಲ್ಲೆ ಮಾಡಿದ್ದಾರೆ" ಎಂದಿತ್ತು. ಕೆಳಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 126(2), 115(2), 352, ಜೊತೆಗೆ 3(5).

ಹುಡುಗನನ್ನು ಕರೆಸಿ ಕೇಳಿದರೆ ಕಥೆಯೇ ಬೇರೆ. ಅಡ್ಡ ನಿಂತವರು ಆರು ಮಂದಿ. ಮೊದಲು ಕೇಳಿದ್ದು ಹೆಸರು. ಹೆಸರು ಹೇಳಿದ ಮೇಲೆ ಬಿದ್ದದ್ದು ಪೆಟ್ಟು. ಹೊಡೆಯುವಾಗ ಜಾತಿ ಹಿಡಿದು, ಊರು ಬಿಟ್ಟು ಹೋಗಿ ಅಂತ ಬೈದ ಮಾತುಗಳೂ ಇದ್ದವು. ಇದ್ಯಾವುದೂ ದೂರಿನಲ್ಲಿ ಇಲ್ಲ. ಯಾಕೆ? ದೂರು ಬರೆಸುವಾಗ ಜೊತೆಗಿದ್ದ ಮನೆಯ ಹಿರಿಯರೊಬ್ಬರು, "ಅದೆಲ್ಲ ಬೇಡ, ವಿಷಯ ದೊಡ್ಡದಾಗುತ್ತದೆ, ನಾಳೆ ಅದೇ ದಾರಿಯಲ್ಲಿ ನಡೆಯಬೇಕಲ್ಲ" ಎಂದರಂತೆ. ಬರೆದುಕೊಳ್ಳುವವರಿಗೂ ಅದೇ ಅನುಕೂಲ ಆಯಿತು. ಆ ಹಿರಿಯರನ್ನು ದೂರಲು ನಮಗೆ ಮನಸ್ಸು ಬರುವುದಿಲ್ಲ. ಭಯ ಅವರದ್ದು ಮಾತ್ರ ಅಲ್ಲ, ನಮ್ಮೆಲ್ಲರದ್ದು. ಆದರೆ ಆ ಎರಡು ಸಾಲು ಬಿಟ್ಟದ್ದರಿಂದ ಕಾನೂನಿನ ಕಣ್ಣಲ್ಲಿ ಏನಾಯಿತು ಎಂದು ಈ ವಾರ ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಬರೆದ ಕಲಂಗಳನ್ನೇ ನೋಡಿ. 126(2) ಅಂದರೆ ಅಕ್ರಮವಾಗಿ ತಡೆದು ನಿಲ್ಲಿಸಿದ್ದು. ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ ಅಥವಾ ದಂಡ. 115(2) ಸಾಮಾನ್ಯ ಹಲ್ಲೆ, ಒಂದು ವರ್ಷದ ತನಕ ಸಜೆ ಅಥವಾ 10,000 ರೂಪಾಯಿ ತನಕ ದಂಡ ಅಥವಾ ಎರಡೂ. 352 ಅಂದರೆ ಕೆರಳಿಸುವ ಉದ್ದೇಶದಿಂದ ಅವಮಾನಿಸಿದ್ದು. 3(5) ಅಂದರೆ ಕೆಲವರು ಒಂದೇ ಉದ್ದೇಶದಿಂದ ಸೇರಿ ಮಾಡಿದ್ದು. ಎಲ್ಲವೂ ಜಾಮೀನು ಸಿಗುವಂಥವು. ಇಂಥ ಪ್ರಕರಣ ವರ್ಷಗಟ್ಟಲೆ ಎಳೆದು ಕೊನೆಗೆ ರಾಜಿಯಲ್ಲಿ ಮುಗಿಯುವುದನ್ನು ನೋಡಿದವರೇ ನಾವೆಲ್ಲ.

ಈಗ ಅದೇ ಘಟನೆಯನ್ನು ಹುಡುಗ ಹೇಳಿದ ಹಾಗೆ ಬರೆದಿದ್ದರೆ? 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಹಳೆಯ ದಂಡ ಸಂಹಿತೆಯಲ್ಲಿ ಇಲ್ಲದ ಎರಡು ಉಪ ಕಲಂಗಳಿವೆ. ಒಂದು 103(2). ಐದು ಅಥವಾ ಹೆಚ್ಚು ಮಂದಿ ಒಟ್ಟಾಗಿ, ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥದ್ದೇ ಬೇರೆ ಕಾರಣಕ್ಕೆ ಕೊಲೆ ಮಾಡಿದರೆ, ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ, ಜೊತೆಗೆ ದಂಡ. ಇನ್ನೊಂದು 117(4). ಅದೇ ಕಾರಣಗಳಿಗೆ ಐದು ಅಥವಾ ಹೆಚ್ಚು ಮಂದಿಯ ಗುಂಪು ತೀವ್ರ ಸ್ವರೂಪದ ಗಾಯ ಮಾಡಿದರೆ ಪ್ರತಿಯೊಬ್ಬನಿಗೂ ಏಳು ವರ್ಷದ ತನಕ ಸಜೆ ಮತ್ತು ದಂಡ.

ತೀವ್ರ ಗಾಯ ಅಂದರೆ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿರಬೇಕು ಅಂತ ನಮ್ಮವರು ತಿಳಿದುಕೊಂಡಿದ್ದಾರೆ. ಹಾಗಲ್ಲ. ಕಲಂ 116 ಓದಿ. ಮೂಳೆ ಮುರಿದರೆ, ಕೀಲು ತಪ್ಪಿದರೆ, ಹಲ್ಲು ಮುರಿದರೆ ಅಥವಾ ಸಡಿಲವಾಗಿ ಜಾರಿದರೆ ಅದು ತೀವ್ರ ಗಾಯ. ಹದಿನೈದು ದಿನ ಕಠಿಣ ನೋವು ಅನುಭವಿಸಿದರೆ, ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರ ಗಾಯ. ಹಳೆ ಕಾನೂನಿನಲ್ಲಿ ಇದು ಇಪ್ಪತ್ತು ದಿನ ಇತ್ತು.

ಹಾಗಾದರೆ ಲೆಕ್ಕ ಹಾಕಿ. ಆರು ಮಂದಿ ಇದ್ದರು, ಹೆಸರು ಕೇಳಿ ಹೊಡೆದರು, ಹಲ್ಲು ಮುರಿಯಿತು. ಮೂರೂ ಸೇರಿದರೆ 117(4), ಏಳು ವರ್ಷ, ಜಾಮೀನು ಹಕ್ಕಾಗಿ ಸಿಗುವುದಿಲ್ಲ. "ಮೂರ್ನಾಲ್ಕು ಮಂದಿ" ಎಂದು ಬರೆದ ಕ್ಷಣ ಮೊದಲನೆಯದು ಹೋಯಿತು. "ಕ್ಷುಲ್ಲಕ ಕಾರಣ" ಎಂದಾಗ ಎರಡನೆಯದೂ ಹೋಯಿತು. ಹಲ್ಲಿನ ವೈದ್ಯರ ಬಳಿ ಹೋಗದೆ, ತುಟಿಗೆ ಹೊಲಿಗೆ ಹಾಕಿಸಿ ಮನೆಗೆ ಬಂದಾಗ ಮೂರನೆಯದೂ ಹೋಯಿತು. ಉಳಿದದ್ದು ಒಂದು ವರ್ಷದ ಕೇಸು.

ಈ ಕಲಂಗಳಲ್ಲಿ ಕೊರತೆಯೂ ಉಂಟು. ಐದು ಎಂಬ ಸಂಖ್ಯೆ ಎಲ್ಲಿಂದ ಬಂತು? ನಾಲ್ಕು ಮಂದಿ ಹೆಸರು ಕೇಳಿ ಹಲ್ಲು ಮುರಿದರೆ ಅದರಲ್ಲಿ ದ್ವೇಷ ಕಡಿಮೆಯೇ? ಕಾನೂನು ಹಾಗೆಯೇ ನೋಡುತ್ತದೆ. ನಾಲ್ಕು ಮಂದಿಯಾದರೆ ಉದ್ದೇಶ ಏನೇ ಇರಲಿ, 117(4) ಅನ್ವಯಿಸುವುದಿಲ್ಲ. ಇನ್ನೊಂದು, ಆ ಪಟ್ಟಿಯಲ್ಲಿ "ಧರ್ಮ" ಎಂಬ ಶಬ್ದವೇ ಇಲ್ಲ. ಸಮುದಾಯ ಇದೆ, ವೈಯಕ್ತಿಕ ನಂಬಿಕೆ ಇದೆ, "ಅಂಥದ್ದೇ ಬೇರೆ ಕಾರಣ" ಇದೆ, ಧರ್ಮ ಇಲ್ಲ. ಅದೇ ಸಂಹಿತೆಯ 196ನೇ ಕಲಂನಲ್ಲಿ ಧರ್ಮ ಎಂದು ಸ್ಪಷ್ಟವಾಗಿ ಬರೆದವರು ಇಲ್ಲಿ ಯಾಕೆ ಬಿಟ್ಟರು ಎನ್ನುವ ಪ್ರಶ್ನೆ ಇದ್ದೇ ಇದೆ. ಸಮುದಾಯ ಎಂಬ ಶಬ್ದದ ಒಳಗೆ ಧರ್ಮವೂ ಬರುತ್ತದೆ ಎಂದು ವಾದಿಸಬಹುದು. ಆದರೆ ವಾದಿಸಬೇಕಾಗುತ್ತದಲ್ಲ.

ಇಂಗ್ಲೆಂಡಿನ ಕ್ರಮ ಬೇರೆ. ಅಲ್ಲಿ 1998ರ ಒಂದು ಕಾಯ್ದೆಯ ಪ್ರಕಾರ ಸಾಮಾನ್ಯ ಹಲ್ಲೆಗೆ ಇರುವ ಆರು ತಿಂಗಳ ಗರಿಷ್ಠ ಶಿಕ್ಷೆ, ಜನಾಂಗ ದ್ವೇಷದಿಂದ ಮಾಡಿದ್ದಾದರೆ ಎರಡು ವರ್ಷಕ್ಕೆ ಏರುತ್ತದೆ. 2001ರಲ್ಲಿ ಧರ್ಮದ ದ್ವೇಷವನ್ನೂ ಸೇರಿಸಿದರು. ಒಬ್ಬನೇ ಹೊಡೆದರೂ ಲೆಕ್ಕ ಅದೇ. ತಲೆ ಎಣಿಸುವುದಿಲ್ಲ, ಉದ್ದೇಶ ನೋಡುತ್ತಾರೆ. ನಮ್ಮಲ್ಲೂ ಅಂಥ ಕಾನೂನು ಇಲ್ಲದೆ ಇಲ್ಲ. 1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಂತ್ರಸ್ತ ಯಾರು ಎನ್ನುವುದೇ ಮುಖ್ಯ. ವಿಶೇಷ ನ್ಯಾಯಾಲಯ, ನಿರೀಕ್ಷಣಾ ಜಾಮೀನಿಗೆ ತಡೆ, ಎಫ್‌ಐಆರ್ ಹಂತದಲ್ಲೇ ಪರಿಹಾರದ ಒಂದು ಭಾಗ, ಎಲ್ಲ ಉಂಟು. ಧರ್ಮದ ಕಾರಣಕ್ಕೆ ಪೆಟ್ಟು ತಿಂದವರಿಗೆ ಅಷ್ಟು ಗಟ್ಟಿಯಾದ ಕಾನೂನು ಈ ದೇಶದಲ್ಲಿ ಇನ್ನೂ ಬಂದಿಲ್ಲ.

ಕಲಂ ಬದಲಾದರೆ ಪ್ರಕರಣದ ಹಣೆಬರಹವೇ ಬದಲಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. 2025ರ ಎಪ್ರಿಲ್ 27ರಂದು ಮಂಗಳೂರಿನ ಕುಡುಪು ಬಳಿ ಕ್ರಿಕೆಟ್ ಆಡುತ್ತಿದ್ದ ಮೈದಾನದ ಹತ್ತಿರ ವಯನಾಡು ಮೂಲದ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಅದು ಮೊದಲು ದಾಖಲಾದದ್ದು ಅಸಹಜ ಸಾವು ಎಂದು. ಮರಣೋತ್ತರ ಪರೀಕ್ಷೆಯಲ್ಲಿ ಪೆಟ್ಟುಗಳು ಕಂಡ ಮೇಲೆ, ಸ್ಥಳೀಯರ ದೂರು ಬಂದ ಮೇಲೆ, 103(2) ಹಾಕಲಾಯಿತು. ಇಪ್ಪತ್ತಕ್ಕೂ ಹೆಚ್ಚು ಮಂದಿಯ ಬಂಧನವಾಯಿತು, ಕರ್ತವ್ಯಲೋಪಕ್ಕಾಗಿ ಮೂವರು ಪೊಲೀಸರು ಅಮಾನತಾದರು. ಯಾರೂ ಬಾಯಿ ಬಿಡದಿದ್ದರೆ ಅದು ಅಸಹಜ ಸಾವಾಗಿಯೇ ಕಡತದಲ್ಲಿ ಉಳಿಯುತ್ತಿತ್ತೋ ಏನೋ. ದಾರಿಯಲ್ಲಿ ಅನಾಥವಾಗಿ ಬಿದ್ದ ಒಬ್ಬ ಪರವೂರಿನವನ ಪರವಾಗಿ ಹೋಗಿ ದೂರು ಕೊಡುವುದು ಸಣ್ಣ ಮಾತಲ್ಲ.

2022ರ ಜುಲೈಯನ್ನೂ ನೆನಪಿಸಿಕೊಳ್ಳಿ. ಬೆಳ್ಳಾರೆ ಮತ್ತು ಸುರತ್ಕಲ್‌ನಲ್ಲಿ ಹತ್ತು ದಿನಗಳ ಒಳಗೆ ಮೂವರು ಯುವಕರ ಮೇಲೆ ದಾಳಿಯಾಗಿ ಮೂವರೂ ತೀರಿಕೊಂಡರು. ಎರಡು ಮನೆ ನಮ್ಮವರದ್ದು, ಒಂದು ನೆರೆಯವರದ್ದು. ಅಳು ಮೂರೂ ಮನೆಯಲ್ಲಿ ಒಂದೇ. ಆದರೆ ಒಂದು ಪ್ರಕರಣ ಯುಎಪಿಎ ಸಹಿತ ಎನ್‌ಐಎಗೆ ಹೋಯಿತು, ಇನ್ನೆರಡು ಸಾಮಾನ್ಯ ಕೊಲೆ ಪ್ರಕರಣಗಳಾಗಿ ಸ್ಥಳೀಯ ಪೊಲೀಸರ ಬಳಿ ಉಳಿದವು. ಆಗ 103(2) ಇರಲಿಲ್ಲ. ವರ್ಗೀಕರಣ ಅನ್ನುವ ಒಣ ಶಬ್ದದ ಅರ್ಥ ನಮ್ಮ ಜಿಲ್ಲೆಯ ತಾಯಂದಿರಿಗೆ ಹೀಗೆ ತಿಳಿದದ್ದು.

ಇಷ್ಟು ಕೈಯ ಅಪರಾಧದ ಮಾತಾಯಿತು. ಇನ್ನು ಬಾಯಿಯದ್ದು. ಇಲ್ಲಿ ಕಾನೂನು ಹಳೆಯದು, ಸಂಖ್ಯೆ ಹೊಸದು. ಹಿಂದಿನ 153ಎ ಈಗ 196. ಧರ್ಮ, ಜನಾಂಗ, ಹುಟ್ಟಿದ ಸ್ಥಳ, ವಾಸ, ಭಾಷೆ, ಜಾತಿ ಅಥವಾ ಸಮುದಾಯದ ಹೆಸರಲ್ಲಿ ಗುಂಪುಗಳ ನಡುವೆ ವೈರ ಬೆಳೆಸಿದರೆ ಮೂರು ವರ್ಷದ ತನಕ, ಅದನ್ನೇ ಆರಾಧನಾ ಸ್ಥಳದಲ್ಲಿ ಮಾಡಿದರೆ ಐದು ವರ್ಷದ ತನಕ ಸಜೆ. ಹಿಂದಿನ 295ಎ ಈಗ 299, ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಧಾರ್ಮಿಕ ಭಾವನೆಗೆ ಧಕ್ಕೆ ತಂದರೆ ಮೂರು ವರ್ಷದ ತನಕ. ಸುಳ್ಳು ಸುದ್ದಿ, ವದಂತಿ ಹಬ್ಬಿಸಿ ಜನರನ್ನು ಎತ್ತಿಕಟ್ಟುವುದು ಹಿಂದಿನ 505, ಈಗ 353.

ಕೇಳಲು ಗಟ್ಟಿ ಕಾಣುತ್ತದೆ. ಆದರೆ 196, 299ರ ಕೇಸನ್ನು ನ್ಯಾಯಾಲಯ ಕೈಗೆತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ನಾಗರಿಕ ಸುರಕ್ಷಾ ಸಂಹಿತೆಯ 217ನೇ ಕಲಂ ಅದನ್ನು ಹೇಳುತ್ತದೆ. ಎಫ್‌ಐಆರ್ ಆಯಿತು, ಪತ್ರಿಕೆಯಲ್ಲಿ ಬಂತು, ಭಾಷಣ ಮಾಡಿದವರು ಮುಂದಿನ ವಾರ ಮತ್ತೊಂದು ವೇದಿಕೆಯಲ್ಲಿ ನಿಂತರು. ಇದು ಯಾಕೆ ಎಂದು ಕೇಳುವವರಿಗೆ ಒಂದು ಉತ್ತರ ಈ ಅನುಮತಿಯ ಬಾಗಿಲಿನಲ್ಲಿದೆ. ಯಾವ ಪಕ್ಷದ ಸರ್ಕಾರ ಇದ್ದರೂ ಆ ಬಾಗಿಲು ಒಂದೇ.

ದೂರಿನ ಭಾಷೆ ಎಷ್ಟು ಮುಖ್ಯ ಎನ್ನುವುದಕ್ಕೆ ಕಡಬ ತಾಲೂಕಿನ ಒಂದು ಪ್ರಕರಣ ನೋಡಿ. ರಾತ್ರಿ ಮಸೀದಿಯೊಳಗೆ ನುಗ್ಗಿ ಘೋಷಣೆ ಕೂಗಿದರು ಎಂಬ ಆರೋಪದ ಮೇಲೆ ಇಬ್ಬರ ಮೇಲೆ 295ಎ ಮುಂತಾದ ಕಲಂಗಳಡಿ ಕೇಸು ಆಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ನ್ಯಾಯಾಲಯ ಗಮನಿಸಿದ ಅಂಶಗಳಲ್ಲಿ ಒಂದು, ದೂರುದಾರರೇ ತಮ್ಮ ಊರಿನಲ್ಲಿ ಹಿಂದೂ ಮುಸ್ಲಿಮರು ಸೌಹಾರ್ದದಿಂದ ಇದ್ದಾರೆ ಎಂದು ಹೇಳಿರುವುದು. ನಾವು ಸಜ್ಜನಿಕೆಯಿಂದ ಬರೆಯುವ ಸಾಲದು. ಬರೆಯಬಾರದು ಎಂದು ಹೇಳುವುದಾದರೂ ಹೇಗೆ, ಅದು ಸತ್ಯವೂ ಹೌದಲ್ಲ! ಆದರೆ ಸೌಹಾರ್ದ ಇದ್ದ ಊರಿನಲ್ಲಿ ಈ ಕೃತ್ಯ ಅದನ್ನು ಕೆಡಿಸಲು ಹೇಗೆ ನಡೆಯಿತು ಎಂದು ಅದರ ಪಕ್ಕದಲ್ಲೇ ಬರೆಯಬೇಕಿತ್ತು. ಆ ವಿಷಯ ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು.

ಸುಪ್ರೀಂ ಕೋರ್ಟ್ ಈ ವಿಚಾರದಲ್ಲಿ ಸುಮ್ಮನೆ ಕೂತಿಲ್ಲ. 2018ರ ಜುಲೈ 17ರ ತಹ್ಸೀನ್ ಪೂನಾವಾಲಾ ತೀರ್ಪಿನಲ್ಲಿ, ಗುಂಪು ಹಲ್ಲೆ ತಡೆಯಲು ಪ್ರತಿ ಜಿಲ್ಲೆಯಲ್ಲಿ ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ನೋಡಲ್ ಅಧಿಕಾರಿ ಇರಬೇಕು, ವಿಚಾರಣೆ ಸಾಧ್ಯವಾದಷ್ಟು ಆರು ತಿಂಗಳಲ್ಲಿ ಮುಗಿಯಬೇಕು, ಮೂವತ್ತು ದಿನಗಳಲ್ಲಿ ಮಧ್ಯಂತರ ಪರಿಹಾರ ಸಿಗಬೇಕು ಎಂದಿತು. 2023ರ ಎಪ್ರಿಲ್ 28ರಂದು, ದ್ವೇಷ ಭಾಷಣದ ಬಗ್ಗೆ ಯಾರೂ ದೂರು ಕೊಡದಿದ್ದರೂ ಪೊಲೀಸರು ತಾವಾಗಿಯೇ ಕೇಸು ದಾಖಲಿಸಬೇಕು ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ನಮ್ಮ ಜಿಲ್ಲೆಯ ನೋಡಲ್ ಅಧಿಕಾರಿ ಯಾರು ಎಂದು ನಮ್ಮ ಜಮಾಅತ್ ಕಮಿಟಿಗಳಲ್ಲಿ ಎಷ್ಟು ಮಂದಿಗೆ ಗೊತ್ತುಂಟು? ನಮಗೂ ಇದನ್ನು ಬರೆಯುವ ತನಕ ಕೇಳಬೇಕು ಎಂದು ಹೊಳೆದಿರಲಿಲ್ಲ.

ಇನ್ನು ಎಲ್ಲರ ಬಾಯಲ್ಲಿರುವ ರಾಜ್ಯದ ಮಸೂದೆ. ಕರ್ನಾಟಕ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧಗಳ (ಪ್ರತಿಬಂಧ) ಮಸೂದೆ 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಗದ್ದಲದ ನಡುವೆ ಎರಡೂ ಸದನ ದಾಟಿತು. ಸದನ ದಾಟಿದ ಮಾತ್ರಕ್ಕೆ ಕಾನೂನಾಗುವುದಿಲ್ಲ, ಅಂಕಿತ ಬೇಕು. ರಾಜ್ಯಪಾಲರು ಸಹಿ ಹಾಕಬಹುದು, ಹಿಂದೆ ಕಳಿಸಬಹುದು, ರಾಷ್ಟ್ರಪತಿಗಳಿಗೆ ಕಾದಿರಿಸಬಹುದು. "ಕಾನೂನು ಬಂತು, ಇನ್ನು ನೋಡಿ" ಎಂದು ಮಸೂದೆ ಪಾಸಾದ ದಿನವೇ ಸ್ಟೇಟಸ್ ಹಾಕಿದವರು ಇದನ್ನು ನೆನಪಿಡಬೇಕು.

ಮಸೂದೆಯಲ್ಲಿ ಮೊದಲ ಬಾರಿಗೆ ಕನಿಷ್ಠ ಒಂದು ವರ್ಷ, ಗರಿಷ್ಠ ಏಳು ವರ್ಷ ಸಜೆ, 50,000 ರೂಪಾಯಿ ದಂಡ. ಮತ್ತೆ ಮಾಡಿದರೆ ಕನಿಷ್ಠ ಎರಡು ವರ್ಷ, ದಂಡ ಒಂದು ಲಕ್ಷ. ಜಾಮೀನುರಹಿತ. ಸಂಘಟನೆಯ ಹೆಸರಲ್ಲಿ ಮಾಡಿದರೆ ಅದರ ಹೊಣೆ ಹೊತ್ತವರೂ ಉತ್ತರ ಕೊಡಬೇಕು. ಕಾರಣಗಳ ಪಟ್ಟಿಯಲ್ಲಿ ಧರ್ಮ ಸ್ಪಷ್ಟವಾಗಿ ಇದೆ, ಅಂಗವೈಕಲ್ಯವೂ ಇದೆ, ಲಿಂಗತ್ವವೂ ಇದೆ. ಸಂತ್ರಸ್ತರಿಗೆ ಪರಿಹಾರ ಕೊಡಿಸಲು ನ್ಯಾಯಾಲಯಕ್ಕೆ ಅವಕಾಶ ಇದೆ. ಇದೆಲ್ಲ ಒಳ್ಳೆಯದೇ.

ಆದರೆ ಹೆಸರಿನಲ್ಲಿ "ದ್ವೇಷ ಅಪರಾಧ" ಇದ್ದರೂ, ಅದರ ವ್ಯಾಖ್ಯಾನ ಓದಿದರೆ ಅಲ್ಲಿರುವುದು ದ್ವೇಷದ ಮಾತನ್ನು ಆಡುವುದು, ಪ್ರಕಟಿಸುವುದು, ಹಂಚುವುದು, ಅದಕ್ಕೆ ಪ್ರಚೋದನೆ ಕೊಡುವುದು. ಅಂದರೆ ಎರಡೂ ಮಾತಿನ ಅಪರಾಧವೇ. ಹೆಸರು ಕೇಳಿ ಹಲ್ಲು ಮುರಿದ ನಾಲ್ಕು ಮಂದಿಯ ಹಲ್ಲೆಗೆ ಈ ಮಸೂದೆ ಒಂದು ದಿನದ ಶಿಕ್ಷೆಯನ್ನೂ ಹೆಚ್ಚಿಸುವುದಿಲ್ಲ. ಹೊಡೆಯುವಾಗ ಬೈದ ಮಾತಿಗೆ ಕೇಸು ಆಗಬಹುದು, ಪೆಟ್ಟಿಗೆ ಹಳೆಯ ದರವೇ. ನಮ್ಮ ಕರಾವಳಿಗೆ ಬೇಕಾದದ್ದು ಈ ಎರಡನೆಯದು. ಐದರ ಲೆಕ್ಕ ಬಿಟ್ಟು, ಉದ್ದೇಶ ಸಾಬೀತಾದರೆ ಹಲ್ಲೆಗೂ ಅಂಗಡಿ ಸುಟ್ಟದ್ದಕ್ಕೂ ಶಿಕ್ಷೆ ಹೆಚ್ಚಾಗುವ ಒಂದು ಕಲಂ. ನಮ್ಮ ಶಾಸಕರು, ಸಮುದಾಯದ ನಾಯಕರು ಮಸೂದೆಯನ್ನು ಹೊಗಳುವ ಗಡಿಬಿಡಿಯಲ್ಲಿ ಇದನ್ನು ಕೇಳಿದಂತೆ ಕಾಣಲಿಲ್ಲ.

ಇನ್ನೊಂದು ಭಯವನ್ನೂ ಮುಚ್ಚಿಡುವುದು ಬೇಡ. ಮಾತಿನ ಕಾನೂನು ಎರಡು ಬದಿಯ ಚೂರಿ. ಇವತ್ತು ವೇದಿಕೆಯ ಭಾಷಣಕಾರರಿಗೆ ಅಂತ ಮಾಡಿದ ಕಲಂ ನಾಳೆ ಒಂದು ಪದ್ಯ ಹಂಚಿದ ಹುಡುಗನ ಮೇಲೆ ಬೀಳಬಹುದು. ಗುಜರಾತಿನಲ್ಲಿ ಸಂಸದ ಇಮ್ರಾನ್ ಪ್ರತಾಪ್‌ಗಢಿ ಅವರ ಮೇಲೆ ಒಂದು ಕವಿತೆಯ ವಿಡಿಯೊಗಾಗಿ 196 ಹಾಕಿದ್ದರು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆ ಇರುವ ಇಂಥ ಮಾತಿನ ಪ್ರಕರಣಗಳಲ್ಲಿ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಮಾಡುವುದು ಸೂಕ್ತ ಎಂದಿತು. ಸಂಸದರಿಗೆ ಸುಪ್ರೀಂ ಕೋರ್ಟಿಗೆ ಹೋಗಲು ಆಯಿತು. ನಮ್ಮ ಮಹಲ್ಲಿನ ಹುಡುಗನಿಗೆ?

ನಮ್ಮ ಹುಡುಗರೆಲ್ಲ ಪದ್ಯ ಹಂಚುವವರು ಎಂದೂ ಹೇಳುವುದಿಲ್ಲ. ಎಲ್ಲೋ ನಡೆದ ಹಳೆಯ ವಿಡಿಯೊವನ್ನು ನಮ್ಮೂರಿನದ್ದು ಎಂದು ರಾತ್ರಿ ಒಂದು ಗಂಟೆಗೆ ಫಾರ್ವರ್ಡ್ ಮಾಡುವವರು, ಎದುರಿನವರ ಆರಾಧನೆಯನ್ನು ಹಂಗಿಸಿ ವಾಯ್ಸ್ ಹಾಕುವವರು ನಮ್ಮಲ್ಲೂ ಇದ್ದಾರೆ. ಅದು 196, 299, 353ರ ಒಳಗೇ ಬರುತ್ತದೆ, ಹಾಕಿದವನ ಹೆಸರು ಯಾವುದು ಎಂದು ಕಲಂ ಕೇಳುವುದಿಲ್ಲ. ಗಲ್ಫಿನಲ್ಲಿರುವವರಿಗೆ ಇದು ಹೊಸದಲ್ಲ. ಯುಎಇಯಲ್ಲಿ 2015ರಿಂದಲೇ ಧರ್ಮನಿಂದೆ, ದ್ವೇಷ, ತಾರತಮ್ಯಕ್ಕೆ ಕಠಿಣ ಕಾನೂನು ಇದೆ, ದಂಡ ಲಕ್ಷಗಟ್ಟಲೆ ದಿರ್ಹಮ್. ಅಲ್ಲಿ ಬಾಯಿ ಬಿಗಿ ಹಿಡಿದು ಕೂತವರೇ ರಜೆಯಲ್ಲಿ ಊರಿಗೆ ಬಂದಾಗ ಗ್ರೂಪಿನಲ್ಲಿ ವೀರರಾಗುವುದನ್ನು ನೋಡಿದ್ದೇವೆ.

ಇಷ್ಟೆಲ್ಲ ಬರೆದದ್ದು ಮನೆಗಳಲ್ಲಿ ಉಪಯೋಗಕ್ಕೆ ಬರಲಿ ಎಂದು. ಹಾಗಾಗಿ ಠಾಣೆಯ ಬಾಗಿಲಿನ ವಿಷಯ. ಘಟನೆ ಎಲ್ಲಿ ನಡೆದರೂ ಯಾವ ಠಾಣೆಯಲ್ಲೂ ದೂರು ಕೊಡಬಹುದು, ಅದಕ್ಕೆ ಝೀರೋ ಎಫ್‌ಐಆರ್ ಎನ್ನುತ್ತಾರೆ. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಪ್ರತಿ ಉಚಿತ, ಕೇಳಿ ಪಡೆಯಿರಿ. ತೆಗೆದುಕೊಳ್ಳದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4) ಪ್ರಕಾರ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಅರ್ಜಿ. ದೂರಿನಲ್ಲಿ ಎಷ್ಟು ಮಂದಿ ಇದ್ದರು, ಮೊದಲು ಏನು ಕೇಳಿದರು, ಯಾವ ಮಾತು ಆಡಿದರು ಎನ್ನುವುದನ್ನು ಅವರು ಆಡಿದ ಭಾಷೆಯಲ್ಲೇ, ತುಳುವಾದರೆ ತುಳುವಿನಲ್ಲೇ ಬರೆಸಿ. ನಾಚಿಕೆಯ ಬೈಗುಳವಾದರೂ ಬಿಡಬೇಡಿ. ಉತ್ಪ್ರೇಕ್ಷೆಯೂ ಬೇಡ. ನಾಲ್ಕು ಮಂದಿ ಇದ್ದಲ್ಲಿ ಹತ್ತು ಎಂದು ಬರೆಸಿದರೆ ಕೋರ್ಟಿನಲ್ಲಿ ನಿಜವೂ ಸುಳ್ಳಾಗುತ್ತದೆ. ವಿಡಿಯೊ ಇದ್ದರೆ ಅದನ್ನು ತೆಗೆದ ಮೊಬೈಲನ್ನೇ ಜೋಪಾನ ಮಾಡಿ. ವಿದ್ಯುನ್ಮಾನ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ, ಗ್ರೂಪಿನಲ್ಲಿ ಹತ್ತು ಕೈ ದಾಟಿ ಬಂದ ತುಣುಕಿಗೆ ಅದನ್ನು ಯಾರು ಕೊಡುತ್ತಾರೆ? ಆಸ್ಪತ್ರೆಯಲ್ಲಿ "ಬಿದ್ದದ್ದು" ಎಂದು ಹೇಳಿಬಿಡಬೇಡಿ, ಗಾಯದ ಪ್ರಮಾಣಪತ್ರದಲ್ಲಿ ಅದೇ ಬರುತ್ತದೆ.

ಎಫ್‌ಐಆರ್‌ನಲ್ಲಿ ಬಿಟ್ಟುಹೋದರೆ ಎಲ್ಲ ಮುಗಿಯಿತು ಎಂದೂ ಅಲ್ಲ. ಎಫ್‌ಐಆರ್ ಪ್ರಕರಣದ ಆರಂಭ ಮಾತ್ರ. ತನಿಖೆಯಲ್ಲಿ ಹೇಳಿಕೆ ಕೊಡಬಹುದು, ಹೇಳಿಕೆ ಮತ್ತು ವೈದ್ಯರ ವರದಿ ನೋಡಿ ತನಿಖಾಧಿಕಾರಿ ಕಲಂ ಸೇರಿಸಬಹುದು. ತಡವಾಗಿ ಹೇಳಿದ ಮಾತಿನ ಮೇಲೆ ಎದುರು ವಕೀಲರು ಪ್ರಶ್ನೆ ಎತ್ತುತ್ತಾರೆ, ಯಾಕೆ ಮೊದಲು ಹೇಳಲಿಲ್ಲ ಎಂದು. ಅದಕ್ಕೆ ಭಯ ಎನ್ನುವ ಉತ್ತರವನ್ನು ಹೇಳಿಕೆಯಲ್ಲೇ ಬರೆಸಬೇಕು.

ಆ ತಾಯಿ ಮಗನನ್ನು ಕರೆದುಕೊಂಡು ಜಮಾಅತ್‌ನ ಇಬ್ಬರ ಜೊತೆ ಮತ್ತೆ ಹೋಗಿದ್ದಾರೆ. ಹಲ್ಲಿನ ವೈದ್ಯರ ಎಕ್ಸ್‌ರೇ ಕೊಟ್ಟಿದ್ದಾರೆ. ಮೊದಲು ಬೇಡ ಎಂದ ಅದೇ ಹಿರಿಯರು ಈ ಸಲ ಜೊತೆಗೆ ಬಂದು, ಹುಡುಗ ಮನೆಗೆ ಬಂದ ಕೂಡಲೇ ತಮಗೆ ಏನು ಹೇಳಿದ್ದ ಎಂದು ಹೇಳಿಕೆ ಕೊಟ್ಟಿದ್ದಾರೆ. ಕಲಂ ಇನ್ನೂ ಬದಲಾಗಿಲ್ಲ. ತನಿಖೆಯ ಪ್ರಗತಿಯನ್ನು ತೊಂಬತ್ತು ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಎಂದು ಹೊಸ ಕಾನೂನು ಹೇಳುತ್ತದೆ. ಆ ದಿನವನ್ನು ಮದರಸದ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಟ್ಟಿದ್ದೇವೆ.